ಹಫೀಜ್ ಮೇಷ್ಟ್ರು ದಾರಿ ತಪ್ಪದ ದಿನ

ದಾರಿ ತಪ್ಪುವುದಕ್ಕೆ ಸರ್ಕಾರ ಒಂದು ಪ್ರಶಸ್ತಿ ಇಟ್ಟಿದ್ದರೆ ಅದು ಶಿರಾದ ಹಫೀಜ್ ಮೇಷ್ಟ್ರಿಗೆ ಯಾವತ್ತೋ ಬಂದಿರುತ್ತಿತ್ತು. ಬಂದಿದ್ದರೂ ಪ್ರಯೋಜನವಿರಲಿಲ್ಲ, ಅದನ್ನು ಈಸಿಕೊಳ್ಳಲು ಬೆಂಗಳೂರಿಗೆ ಹೊರಟು ಹಿರಿಯೂರಿನಲ್ಲಿ ಇಳಿದಿರುತ್ತಿದ್ದೆ ಎಂದು ಮೇಷ್ಟ್ರೇ ಹೇಳಿಕೊಂಡು ನಗುತ್ತಿದ್ದರು.

ಮೇಷ್ಟ್ರು ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರು. ಮಕ್ಕಳ ಬಾಯಲ್ಲಿ ಪಿ.ಟಿ. ಮೇಷ್ಟ್ರು. ದೈಹಿಕ ಎಂಬ ಮಾತಿಗೆ ತಕ್ಕಂತೆ ದೇಹವೇನೋ ಧಾರಾಳವಾಗಿಯೇ ಇತ್ತು. ಬೇರೆ ಮೇಷ್ಟ್ರುಗಳ ಸೀಟಿ ಕೊರಳಿನಿಂದ ತೂಗಾಡಿದರೆ ಇವರ ಸೀಟಿ ಹೊಟ್ಟೆಯ ದಿಬ್ಬದ ಮೇಲೆ ಸುಖವಾಗಿ ಮಲಗಿರುತ್ತಿತ್ತು. ಶಿರಾದಿಂದ ಶಾಲೆಗೆ ದಿನಾ ಟಿವಿಎಸ್ ಗಾಡಿಯಲ್ಲಿ ಓಡಾಟ. ಇಪ್ಪತ್ತೈದು ವರ್ಷ ಓಡಾಡಿದ ದಾರಿ. ಆದರೂ ರಸ್ತೆ ಅಗಲ ಮಾಡುವವರು ತಿರುವಿನ ಹುಣಸೆಮರ ಕಡಿದ ವಾರ ಮೇಷ್ಟ್ರು ಮೂರು ದಿನ ಇನ್ಯಾವುದೋ ಊರಿನ ಶಾಲೆಗೆ ಹೋಗಿ ಮಕ್ಕಳಿಗೆ ಡ್ರಿಲ್ ಮಾಡಿಸಿ ಬಂದರಂತೆ. ಹೊಸ ಮೇಷ್ಟ್ರು ಬಹಳ ಚೆನ್ನಾಗಿದ್ದಾರೆ ಎಂದು ಆ ಶಾಲೆಯವರು ಮೆಚ್ಚಿಕೊಂಡರಂತೆ. ಇದನ್ನು ಹೇಳಿದವರೂ ಮೇಷ್ಟ್ರೇ, ಆದ್ದರಿಂದ ಅರ್ಧ ಕಳೆದು ನಂಬಬೇಕು.

ಅವರ ಮದುವೆಯ ಕತೆ ಇದಕ್ಕಿಂತ ಹಳೆಯದು. ಹೆಣ್ಣಿನ ಮನೆ ಕಳ್ಳಂಬೆಳ್ಳ. ಜನವೆಲ್ಲ ವ್ಯಾನಿನಲ್ಲಿ ಮುಂದೆ ಹೋದರು, ಮದುಮಗ ಮಾತ್ರ ಹೂವಿನ ಕಾರಿನಲ್ಲಿ ಹಿಂದೆ ಉಳಿದ. ಡ್ರೈವರು ಹೊಸಬ, ದಾರಿ ಹೇಳಿದವರು ಮದುಮಗ. ಹೋಗಿ ಇಳಿದರು, ಯಾರೋ ಅತ್ತರು ಹಚ್ಚಿದರು, ಯಾರೋ ಕೈಹಿಡಿದು ಮೇಲೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಮದುಮಗ ಬಂದು “ಭಾಯ್, ವಸಿ ಸರ್ಕೊಳಿ, ಅದು ನನ್ನ ಜಾಗ” ಅಂದಾಗಲೇ ತಾನು ಬೇರೆಯವರ ಮದುವೆಯಲ್ಲಿದ್ದೇನೆ ಎಂದು ಗೊತ್ತಾಗಿದ್ದು. “ಬಿರಿಯಾನಿ ವಾಸನೆ ಅಲ್ಲಿಯದೇ ಜೋರಾಗಿತ್ತು. ಆದರೂ ಎದ್ದು ಬಂದೆ, ನಿನ್ನ ಮೇಲಿನ ಪ್ರೀತಿಗೆ” ಎಂದು ಹೆಂಡತಿ ಯಾಸ್ಮಿನ್‌ಗೆ ಈಗಲೂ ಹೇಳುತ್ತಾರೆ.

ಬಕ್ರೀದಿನ ಹೋತದ ಕತೆಯೂ ಒಂದಿದೆ. ಒಂದು ವರ್ಷ ಮೇಷ್ಟ್ರು ಕಟ್ಟಿದ ಹಗ್ಗ ಬಿಚ್ಚಿಕೊಂಡು ಹೋತ ಓಡಿತು. ಮೇಷ್ಟ್ರು ಹುಡುಕಲು ಹೋದರು. ಮಧ್ಯಾಹ್ನಕ್ಕೆ ಹೋತ ತಾನಾಗಿ ಮನೆಗೆ ಬಂತು. ಮೇಷ್ಟ್ರು ಬರಲಿಲ್ಲ. ಕೊನೆಗೆ ಮೇಷ್ಟ್ರನ್ನು ಹುಡುಕಲು ಮನೆಯವರು ಹೊರಟಾಗ, “ಹೋತನ್ನೂ ಕರ್ಕೊಂಡು ಹೋಗ್ರೋ, ಅದಕ್ಕಾದ್ರೂ ದಾರಿ ಗೊತ್ತೈತೆ” ಎಂದರಂತೆ ಅವರ ತಾಯಿ ಅಮೀರ್ ಬಿ. ಆವತ್ತಿನಿಂದ ಮೇಷ್ಟ್ರು ಏನು ಕಟ್ಟಿದರೂ ಗಂಟಿನ ಮೇಲೆ ಗಂಟು, ಅದರ ಮೇಲೊಂದು ಗಂಟು. ಶಾಲೆಯ ವಾಲಿಬಾಲ್ ನೆಟ್ಟನ್ನು ಅವರು ಒಮ್ಮೆ ಕಟ್ಟಿದ ಮೇಲೆ ಯಾರಿಗೂ ಬಿಚ್ಚಲಾಗಲಿಲ್ಲ. ಕಂಬ ತುಕ್ಕು ಹಿಡಿದು ಬಿದ್ದಾಗ ನೆಟ್ಟೂ ಜೊತೆಗೇ ಬಿತ್ತು.

ಹೀಗೆ ತನ್ನನ್ನು ತಾನೇ ಆಡಿಕೊಳ್ಳುವುದರಲ್ಲಿ ಒಂದು ಅನುಕೂಲವಿತ್ತು: ಬೇರೆಯವರಿಗೆ ಆಡಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಇದರಲ್ಲಿ ನಷ್ಟವೂ ಉಂಟು ಎಂಬುದು ಮೇಷ್ಟ್ರಿಗೆ ತಿಳಿದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ರಾಯಚರ್ಲಿನ ಬಯಲಿನಲ್ಲಿ.

ಅದರ ಮೂಲ ಮಧುಗಿರಿಯಲ್ಲಿ ನಡೆದ ಒಂದು ಮೀಟಿಂಗು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಪಿ.ಟಿ. ಮೇಷ್ಟ್ರುಗಳು ಸೇರಬೇಕಿತ್ತು. ದಾರಿ ತಪ್ಪಬಾರದೆಂದು ಹಫೀಜ್ ಮೇಷ್ಟ್ರು ಮುಂದೆ ಹೋಗುತ್ತಿದ್ದ ಒಂದು ಬಸ್ಸನ್ನು ನಂಬಿ ಅದರ ಹಿಂದೆಯೇ ಹೋದರು. ಬಸ್ಸು ಮಧುಗಿರಿಯಲ್ಲಿ ನಿಂತಿತು, ಜನ ಇಳಿದರು, ಜನ ಹತ್ತಿದರು, ಬಸ್ಸು ಹೊರಟಿತು. ಮೇಷ್ಟ್ರೂ ಹೊರಟರು. ಆಕಾಶದ ಅರ್ಧ ಮುಚ್ಚಿಕೊಂಡು ನಿಂತ ಮಧುಗಿರಿ ಬೆಟ್ಟ ಹುಟ್ಟುಕುರುಡನಿಗೂ ಕಾಣುತ್ತದೆ. ಇವರಿಗೆ ಕಂಡದ್ದು ಬಸ್ಸಿನ ಬೆನ್ನು ಮಾತ್ರ. ಕೊರಟಗೆರೆಯಲ್ಲಿ ಬಸ್ಸಿನ ಜೊತೆ ತಾವೂ ಟೀ ಕುಡಿದು, ವಿಚಾರ ತಿಳಿದು, ಹಿಂದಿರುಗಿ ಬರುವ ಹೊತ್ತಿಗೆ ಮೀಟಿಂಗು ಮುಗಿದಿತ್ತು.

ಮುಗಿಯುವ ಮುಂಚೆ ಅಲ್ಲಿ ನಡೆದದ್ದು ಇಷ್ಟು. ಶಂಕರಲಿಂಗಪ್ಪನವರೆಂಬ ಮೇಲಧಿಕಾರಿ ಎದ್ದು ನಿಂತು, ಓರಿಯೆಂಟಿಯರಿಂಗ್ ಅಂತ ಒಂದು ಆಟ ಇದೆ, ಕೈಯಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು ಗೊತ್ತಿಲ್ಲದ ಜಾಗದಲ್ಲಿ ಬಚ್ಚಿಟ್ಟ ಬಾವುಟಗಳನ್ನು ಒಂದೊಂದಾಗಿ ಹುಡುಕಿ ಬೇಗ ವಾಪಸ್ ಬರಬೇಕು, ನಮ್ಮ ಮಕ್ಕಳಿಗೂ ಕಲಿಸೋಣ, ತರಬೇತಿಗೆ ಯಾರು ಹೋಗುತ್ತೀರಿ ಎಂದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಆಗ ಪಾವಗಡ ಕಡೆಯ ರಂಗರಾಜು ಮೇಷ್ಟ್ರು ಎದ್ದರು.

“ಹಫೀಜ್ ಸಾಬ್ರ ಹೆಸರು ಬರ್ಕೊಳಿ ಸಾರ್. ಕಳೆದುಹೋಗೋದ್ರಲ್ಲಿ ಅವರಷ್ಟು ಸರ್ವೀಸು ಆಗಿರೋರು ನಾಕು ತಾಲ್ಲೂಕಲ್ಲೂ ಇಲ್ಲ. ಈಗ್ಲೂ ಅದೇ ಡ್ಯೂಟೀಲಿ ಅವ್ರೆ.”

ಸಭೆ ನಕ್ಕಿತು. ಹೆಸರು ಬರೆದಾಯಿತು.

“ನಿಮ್ಮನ್ನಾ? ಅಲ್ಲಿ ಬೇರೆ ಯಾರೂ ಇರ್ಲಿಲ್ವಾ?” ಎಂದಳು ಯಾಸ್ಮಿನ್, ರಾತ್ರಿ ರೊಟ್ಟಿ ಬಡಿಸುತ್ತ.

“ಎಲ್ಲರೂ ಇದ್ರು. ಇಲ್ದೇ ಇದ್ದೋನು ನಾನೊಬ್ಬನೇ. ಅದಕ್ಕೇ ನನಗೆ ಕೊಟ್ರು.”

ತರಬೇತಿಯಲ್ಲಿ ಮೇಷ್ಟ್ರ ಅಂಗೈಗೆ ಒಂದು ದಿಕ್ಸೂಚಿ ಬಂತು. ಮೇಷ್ಟ್ರು ಬಲಕ್ಕೆ ತಿರುಗಿದರು, ಕೆಂಪು ಮುಳ್ಳು ಕದಲಲಿಲ್ಲ. ಎಡಕ್ಕೆ ತಿರುಗಿದರು, ಕದಲಲಿಲ್ಲ. ಮೂರು ಸುತ್ತು ಸುತ್ತಿ ತಲೆ ತಿರುಗಿ ಕೂತರು, ಮುಳ್ಳು ಉತ್ತರ ಬಿಟ್ಟು ಅಲುಗಲಿಲ್ಲ. ಇಷ್ಟು ವರ್ಷ ಉತ್ತರ ದಿಕ್ಕು ತನ್ನ ಮೂಗಿನ ಜೊತೆಗೇ ತಿರುಗುತ್ತದೆಂದು ನಂಬಿದ್ದ ಮನುಷ್ಯನಿಗೆ ಅದು ಸಣ್ಣ ಸುದ್ದಿಯಲ್ಲ. ನಕ್ಷೆಯನ್ನು ನೆಲಕ್ಕೆ ಹೊಂದಿಸಿ ಹಿಡಿಯಬೇಕು, ತಾನು ತಿರುಗಿದರೂ ನಕ್ಷೆ ತಿರುಗಬಾರದು. ಇದೊಂದು ಮಾತನ್ನು ಯಾರಾದರೂ ಚಿಕ್ಕಂದಿನಲ್ಲೇ ಹೇಳಿದ್ದರೆ ಆ ಹುಣಸೆಮರದ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ. ಕೊನೆಯ ದಿನ ಎಲ್ಲರನ್ನೂ ಒಬ್ಬೊಬ್ಬರಾಗಿ ಕಾಡಿಗೆ ಬಿಟ್ಟರು. ಮೇಷ್ಟ್ರು ಎಲ್ಲ ಬಾವುಟ ಮುಟ್ಟಿ, ಎಲ್ಲರಿಗಿಂತ ಮೊದಲು ಕೊನೆಯ ಗುರುತಿಗೆ ಬಂದುಬಿಟ್ಟರು. ಅಲ್ಲಿ ಇನ್ನೂ ಯಾರೂ ಇರಲಿಲ್ಲ. ಯಾರೂ ಇಲ್ಲವೆಂದರೆ ತಾನು ಬಂದದ್ದೇ ತಪ್ಪು ಜಾಗಕ್ಕೆ ಎಂದುಕೊಂಡು ಮತ್ತೆ ಕಾಡೊಳಗೆ ಹೋಗಿ ಸಂಜೆಯವರೆಗೆ ಸರಿಯಾದ ಜಾಗ ಹುಡುಕಿದರು.

ಅಲ್ಲಿಂದ ಬಂದ ಮೇಷ್ಟ್ರಿಗೆ ಒಂದೇ ಹಂಬಲ ಹತ್ತಿತು. ಈ ಆಟ ನಾಲ್ಕು ತಾಲ್ಲೂಕಿನ ಶಾಲಾ ಕ್ರೀಡಾಕೂಟಕ್ಕೆ ಸೇರಬೇಕು, ಮಕ್ಕಳು ತನ್ನ ಹಾಗೆ ಬಸ್ಸಿನ ಬೆನ್ನು ನೋಡಿಕೊಂಡು ಬದುಕಬಾರದು. ಅದರ ಅಡಿಯಲ್ಲಿ ಇನ್ನೊಂದು ಆಸೆ ಮುದುರಿಕೊಂಡಿತ್ತು, ಯಾಸ್ಮಿನ್‌ಗೂ ಹೇಳದ್ದು: ರಿಟೈರಾಗುವ ಮುಂಚೆ ಒಮ್ಮೆಯಾದರೂ, ನಾಲ್ಕು ಜನರೆದುರಿಗೆ, ತಾನು ದಾರಿ ಸರಿಯಾಗಿ ತೋರಿಸಿದೆ ಅನ್ನಿಸಿಕೊಳ್ಳಬೇಕು.

ಯಾಸ್ಮಿನ್‌ಳ ತಮ್ಮ ಜಾವೀದನದು ಶಿರಾದಲ್ಲಿ ಶಾಮಿಯಾನದ ಅಂಗಡಿ. ಅವನ ಹರಿದ ಕೇಸರಿ, ಬಿಳಿ ಬಟ್ಟೆಯಲ್ಲಿ ಯಾಸ್ಮಿನ್ ಬಾವುಟ ಹೊಲಿದುಕೊಟ್ಟಳು. ಪ್ರತಿ ಬಾವುಟಕ್ಕೂ ಒಂದೊಂದು ಬಣ್ಣದ ಕ್ರೇಯಾನು ನೇತುಹಾಕಿದರು. ಮುಟ್ಟಿದ ಗುರುತಿಗೆ ಮಕ್ಕಳು ತಮ್ಮ ಕಾರ್ಡಿನ ಮೇಲೆ ಆ ಬಣ್ಣ ಗೀಚಿಕೊಂಡು ಬರಬೇಕು.

ಶಾಲೆಯ ಸುತ್ತ ಅಭ್ಯಾಸ ಶುರುವಾಯಿತು, ಶುರುವಾದ ದಿನವೇ ಕೆಟ್ಟಿತು. ನಮ್ಮ ಸೀಮೆಯಲ್ಲಿ ದಾರಿ ಕೇಳಿದವರಿಗೆ ದಾರಿ ಹೇಳದವನು ಪಾಪಿ. ಕೇಳದೆ ಹೋಗುವವರನ್ನೂ ನಿಲ್ಲಿಸಿ ಹೇಳುವವನು ಮನುಷ್ಯ. ಹುಡುಗನೊಬ್ಬ ನಕ್ಷೆ ಬಿಚ್ಚಿ ಉತ್ತರಕ್ಕೆ ಮುಖ ಮಾಡುವಷ್ಟರಲ್ಲಿ ಕೆರೆ ಏರಿಯ ಮೇಲಿನಿಂದ ಯಾವುದೋ ಅಜ್ಜಿ ಕೂಗುತ್ತಿತ್ತು:

“ಲೇ ಮಗಾ, ಅತ್ಲಾಗಲ್ಲ ಕಣ್ಲಾ! ನಿಮ್ಮ ಮೇಷ್ಟ್ರು ಬೆಳಿಗ್ಗೆನೇ ಆ ಹೊಂಗೆಮರಕ್ಕೆ ಕಟ್ಬುಟ್ಟು ಹೋದ್ರು. ಇನ್ನೊಂದು ಪಂಪ್‌ಸೆಟ್ ಮನೆ ಹಿಂದ್ಗಡೆ ಐತೆ, ಅದುನ್ನೂ ನೋಡ್ಕೊಂಡು ಹೋಗು!”

ಕುರಿ ಕಾಯುವವರು, ಹುಲ್ಲು ಕೊಯ್ಯುವವರು, ಹಾಲಿನ ಡೈರಿಯವರು, ಎಲ್ಲರೂ ಸೇರಿ ಮಕ್ಕಳನ್ನು ಕೈಹಿಡಿದು ಬಾವುಟ ಮುಟ್ಟಿಸಿ ಕಳಿಸತೊಡಗಿದರು. ಹೇಳುವುದನ್ನು ಕೇಳದೆ ನಕ್ಷೆಯನ್ನೇ ನೋಡಿಕೊಂಡು ಹೋಗುತ್ತಿದ್ದವಳು ಒಂಬತ್ತನೇ ಕ್ಲಾಸಿನ ಕೊಲ್ಲಾಪುರಮ್ಮ ಒಬ್ಬಳೇ. ಕಡ್ಡಿಯಂಥ ಹುಡುಗಿ. ಕೊಕ್ಕೋದಲ್ಲಿ ವರ್ಷವಿಡೀ ಹೊರಗೆ ಕೂರುವ ಪಾಳಿ ಅವಳದು. ನಕ್ಷೆ ಕೈಗೆ ಬಂದರೆ ಓಡುತ್ತಿರಲಿಲ್ಲ, ನಡೆಯುತ್ತಿದ್ದಳು.

“ಓಡಮ್ಮ ತಾಯಿ, ಇದು ಓಟದ ಆಟ!” ಎಂದು ಮೇಷ್ಟ್ರು ಸೀಟಿ ಊದಿದರೆ,

“ಓಡಿದ್ರೆ ನಕ್ಷೆ ಕುಣೀತದೆ ಸಾ” ಅನ್ನುತ್ತಿದ್ದಳು.

ಶಂಕರಲಿಂಗಪ್ಪನವರು ಒಂದು ದಿನ ಗೊತ್ತುಮಾಡಿದರು. ನಾಲ್ಕು ತಾಲ್ಲೂಕಿನ ಮಕ್ಕಳನ್ನು ಸೇರಿಸಿ ಒಮ್ಮೆ ಆಡಿಸಿ ನೋಡುವುದು. ಸರಿಯಾಗಿ ನಡೆದರೆ ಮುಂದಿನ ವರ್ಷದಿಂದ ಕ್ರೀಡಾಕೂಟಕ್ಕೆ ಸೇರಿಸುವುದು, ಇಲ್ಲದಿದ್ದರೆ ಈ ಆಟದ ಮಾತನ್ನು ಅಲ್ಲಿಗೇ ಬಿಡುವುದು. ಮಕ್ಕಳಿಗೆ ಪರಿಚಯವೇ ಇಲ್ಲದ ಜಾಗ ಬೇಕೆಂದು ಪಾವಗಡ ತಾಲ್ಲೂಕಿನ ರಾಯಚರ್ಲಿನ ಕಡೆಯ ಬಯಲನ್ನು ಆರಿಸಿದರು. ರಂಗರಾಜು ಮೇಷ್ಟ್ರ ಶಾಲೆ ಅಲ್ಲೇ ಹತ್ತಿರ. ಬಾವುಟ ಕಟ್ಟುವ ಕೆಲಸ ಹಫೀಜ್ ಮೇಷ್ಟ್ರದು.

ಹಿಂದಿನ ದಿನವೇ ಮೇಷ್ಟ್ರು ಹೋದರು. ಪಾವಗಡಕ್ಕೆ ಹೋಗುವಾಗ ನಡುವೆ ಆಂಧ್ರದೊಳಗೆ ಹೊಕ್ಕು ಹೊರಬರಬೇಕು. ಒಳಹೊಕ್ಕ ಕಡೆಯಿಂದಲೇ ಹೊರಬರದೆ ಇದ್ದದ್ದೇ ಆವತ್ತಿನ ಮೊದಲ ಗೆಲುವು. ಬಯಲಿನ ಒಂದು ಮಗ್ಗುಲಿಗೆ ಕಣ್ಣು ಹಾಯುವವರೆಗೂ ಸೋಲಾರ್ ಫಲಕಗಳು ಮಲಗಿದ್ದವು, ಯಾರೋ ಕೆರೆಯನ್ನೇ ಗಾಜು ಮಾಡಿ ಹಾಸಿದಂತೆ. ಬೇಲಿಯ ಈಚೆ ಕಡಲೆಕಾಯಿ ಹೊಲ, ಬಂಡೆ, ಜಾಲಿ. ಮೇಷ್ಟ್ರು ನಕ್ಷೆ ಹಿಡಿದು ಒಂದೊಂದೇ ಗುರುತಿಗೆ ಹೋಗಿ, ಒಂಟಿ ಬೇವಿಗೊಂದು, ಹಾಳು ಬಾವಿಯ ಕಲ್ಲುಕಂಬಕ್ಕೊಂದು, ಬಂಡೆ ಸಂದಿನ ಜಾಲಿಗೊಂದು ಎಂದು ಗೋಣಿಹುರಿಯಲ್ಲಿ ಬಾವುಟ ಕಟ್ಟಿದರು. ಗಂಟಿನ ಮೇಲೆ ಗಂಟು, ಅದರ ಮೇಲೊಂದು ಗಂಟು. ಪ್ರತಿ ಜಾಗದಲ್ಲೂ ದಿಕ್ಸೂಚಿಯನ್ನು ಎರಡೆರಡು ಸಲ ನೋಡಿದರು. ಎಲ್ಲವೂ ಸರಿ. ಇಷ್ಟು ಸರಿಯಾಗಿ ಮೇಷ್ಟ್ರು ತಮ್ಮ ಅಂಗಿಯ ಗುಂಡಿಯನ್ನೂ ಹಾಕಿಕೊಂಡವರಲ್ಲ.

ಕೊನೆಯ ಬಾವುಟ ಕಟ್ಟುವಾಗ ಬದುವಿನ ಮೇಲೆ ಕೂತಿದ್ದ ದೊಡ್ಡಹನುಮಯ್ಯನೆಂಬ ಮುದುಕ ಎದ್ದು ಬಂದ.

“ಏಮ್ ಸಾರ್, ಸರ್ವೇನಾ?” ಎಂದ, ಆ ಕಡೆಯ ತೆಲುಗು ಬೆರೆತ ಮಾತಿನಲ್ಲಿ.

ಅಲ್ಲ ತಾತ, ಮಕ್ಕಳ ಆಟ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಎಲ್ಲ ಸರಿಯಾಗಿ ಮಾಡಿದ ಖುಷಿ ಮೇಷ್ಟ್ರ ನಾಲಿಗೆಗೆ ಏರಿತ್ತು.

“ಹೂಂ ತಾತ, ದೊಡ್ಡ ಸರ್ವೆ. ಡೆಲ್ಲಿಯವರೆಗೂ ಹೋಗ್ತದೆ.”

“ಸೋಲಾರ್‌ಗಾ? ಅಟ್ಲನಾ?” ಮುದುಕನ ಕಣ್ಣು ದೊಡ್ಡದಾಯಿತು. “ಬಾವುಟ ಕಟ್ಟಿರೋ ಹೊಲ ಮಾತ್ರ ತಗೊಂತಾರಾ, ಪಕ್ಕದ್ದೂ ತಗೊಂತಾರಾ?”

“ಬಾವುಟ ಎಲ್ಲೋ ಅಲ್ಲೇ” ಎಂದು ಮೇಷ್ಟ್ರು ಕಣ್ಣು ಮಿಟುಕಿಸಿ ನಗುತ್ತ ಹೊರಟರು. ಮುದುಕ ನಗಲಿಲ್ಲ. ಅದನ್ನು ಮೇಷ್ಟ್ರು ಗಮನಿಸಲಿಲ್ಲ.

ಅವರಿಗೆ ತಿಳಿಯದಿದ್ದದ್ದು ಇದು. ಆ ಸೀಮೆಯಲ್ಲಿ ಸೋಲಾರಿಗೆ ಹೊಲ ಗುತ್ತಿಗೆ ಕೊಟ್ಟವರಿಗೆ ವರ್ಷಾವರ್ಷ ಬಾಡಿಗೆ ಬರುತ್ತದೆ. ಬೇಲಿಯ ಈಚೆ ಉಳಿದವರು, ಮುಂದಿನ ಸರ್ವೆ ಯಾವಾಗ ಬರುತ್ತದೋ ಎಂದು ಬೈಕಿನಲ್ಲಿ ಬಂದ ಪ್ರತಿಯೊಬ್ಬನ ಕೈಚೀಲವನ್ನೂ ನೋಡುತ್ತ ಕಾದಿದ್ದಾರೆ. ಅಂಥಲ್ಲಿ ಒಬ್ಬ ದಪ್ಪ ಮನುಷ್ಯ ನಕ್ಷೆ ಬಿಚ್ಚಿ, ಯಂತ್ರ ನೋಡಿ, ಬಣ್ಣದ ಬಾವುಟ ಕಟ್ಟಿ, ಡೆಲ್ಲಿಯ ಹೆಸರು ಹೇಳಿ ಹೋಗಿದ್ದ.

ರಾತ್ರಿ ಮೇಷ್ಟ್ರು ರಂಗರಾಜು ಅವರ ಶಾಲೆಯಲ್ಲೇ ಮಲಗಿದರು. ಮರುದಿನ ಬೆಳಿಗ್ಗೆ ಆ ಶಾಲೆಯ ಅಂಗಳದಿಂದ ಮಕ್ಕಳು ಒಬ್ಬೊಬ್ಬರಾಗಿ ಹೊರಟರು. ಶಂಕರಲಿಂಗಪ್ಪನವರು ಕುರ್ಚಿಯಲ್ಲಿ ಕೂತು ಎಳನೀರು ಕುಡಿದರು. ಹಫೀಜ್ ಮೇಷ್ಟ್ರು ಸೀಟಿ ಕಚ್ಚಿಕೊಂಡು ನಿಂತರು. ಮೊದಲು ಓಡಿಬಂದವನು ಕೊರಟಗೆರೆಯ ಚೇತನ್ ಕುಮಾರ್.

“ಸಾರ್, ಬೇವಿನಮರದತ್ರ ಬಾವುಟನೇ ಇಲ್ಲ! ಅತ್ಲಾಗೆ ಯಾರ್ದೋ ಕಡ್ಲೆಕಾಯಿ ಹೊಲದ ಮಧ್ಯದಾಗೆ ಕೋಲು ನೆಟ್ಟು ಕಟ್ಟವ್ರೆ!”

ಶಿರಾ ತಾಲ್ಲೂಕಿನ ಬುಷ್ರಾ ಬಂದಳು. “ಸರ್, ನಕ್ಷೇಲಿ ಒಂದೂ ಇಲ್ಲದ ಕಡೆ ನಾಕಿವೆ. ಮೂರು ಹಳೇ ಸೀರೇದು.”

ಪಾವಗಡದವನೇ ಆದ ಕಿರಣ್ ಕುಮಾರ್ ಅಳುಮುಖ ಮಾಡಿಕೊಂಡು ಬಂದ. “ದಾಸಮ್ಮ ಅನ್ನೋ ಅಜ್ಜಿ ಬಾವುಟದ ಕೆಳಗೆ ಚಾಪೆ ಹಾಸ್ಕೊಂಡು ಕುಂತೈತೆ ಸಾರ್. ಕ್ರೇಯಾನ್ ಮುಟ್ಟಿದ್ರೆ ಕೈ ಮುರೀತೀನಿ, ಇದು ನಮ್ಮ ಹೊಲದ ಬಾವುಟ ಅಂತೈತೆ.”

ಊರಿನವರು ಬಾವುಟಗಳನ್ನು ಕುಡುಗೋಲಿನಿಂದ ಕುಯ್ದು ತಮ್ಮ ತಮ್ಮ ಹೊಲಕ್ಕೆ ತಂದುಕೊಂಡಿದ್ದರು. ಸಿಗದವರು ಹೊಸದಾಗಿ ಹೊಲಿದುಕೊಂಡಿದ್ದರು. ಬೆಳಕು ಹರಿಯುವ ಹೊತ್ತಿಗೆ ಬಾವುಟವಿಲ್ಲದ ಹೊಲ ಆ ಬಯಲಿನಲ್ಲಿ ಒಂದೂ ಉಳಿದಿರಲಿಲ್ಲ. ಹೊಲವೇ ಇಲ್ಲದ ಒಬ್ಬ ತನ್ನ ಎಮ್ಮೆಯ ಕೊಂಬಿಗೆ ಕಟ್ಟಿ ಬಿಟ್ಟಿದ್ದನಂತೆ, ಎಮ್ಮೆ ಮೇದಷ್ಟೂ ತನ್ನದಾಗಲಿ ಎಂದು.

ಇದ್ಯಾವುದೂ ಅಂಗಳದಲ್ಲಿದ್ದವರಿಗೆ ಆಗ ಗೊತ್ತಿಲ್ಲ. ಅವರಿಗೆ ಕಂಡದ್ದು ಇಷ್ಟೇ: ನಕ್ಷೆಯಲ್ಲಿರುವ ಕಡೆ ಬಾವುಟವಿಲ್ಲ. ಕಟ್ಟಿದವರು ಹಫೀಜ್ ಮೇಷ್ಟ್ರು.

“ಎಲ್ಲಿ ಕಟ್ಟಿದ್ರಿ ಮೇಷ್ಟ್ರೇ?” ಎಂದರು ಶಂಕರಲಿಂಗಪ್ಪನವರು.

“ನಕ್ಷೆಯಲ್ಲಿ ಎಲ್ಲಿದೆಯೋ ಅಲ್ಲೇ ಸಾರ್.”

ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳೂ ಒಟ್ಟಿಗೆ ನಕ್ಕರು. ರಂಗರಾಜು ಹೆಗಲ ಮೇಲೆ ಕೈಹಾಕಿದರು. “ಹೋಗ್ಲಿ ಬುಡಿ ಸಾಬ್ರೇ. ಸದ್ಯ ಪಾವಗಡ ತಾಲ್ಲೂಕಲ್ಲೇ ಕಟ್ಟೀರಿ, ಅಷ್ಟೇ ಸಮಾಧಾನ.”

ಮೇಷ್ಟ್ರ ನಾಲಿಗೆಯ ತುದಿಗೆ ಇನ್ನೂ ಒಳ್ಳೆಯ ಒಂದು ನಗೆಮಾತು ಬಂತು. ಯಾವಾಗಲೂ ಬರುತ್ತದೆ. ಅದನ್ನು ನುಂಗಿಕೊಂಡರು.

“ಇಲ್ಲ ಸಾರ್. ನಿಜವಾಗ್ಲೂ. ಈ ಸಲ ನಾನು ತಪ್ಪಿಲ್ಲ.”

ಜನ ಇನ್ನೂ ಜೋರಾಗಿ ನಕ್ಕರು. ಹಫೀಜ್ ಸಾಬರ ಹೊಸ ಜೋಕು ಇದು ಎಂದುಕೊಂಡರು. ಹುಣಸೆಮರದ ಕತೆ, ಮದುವೆಯ ಕತೆ, ಹೋತದ ಕತೆ ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಇದೇ ಜನಕ್ಕೆ ಬಡಿಸಿದವರು ಅವರೇ ಅಲ್ಲವೇ? ಇಪ್ಪತ್ತೈದು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ಗಂಟು. ಈಗ ಅವರ ಕೈಯಿಂದಲೇ ಬಿಚ್ಚುತ್ತಿಲ್ಲ.

ಶಂಕರಲಿಂಗಪ್ಪನವರು ಎದ್ದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. “ಮಕ್ಕಳನ್ನ ಕರೆಸಿ, ಊಟ ಮಾಡಿಸಿ ಕಳಿಸೋಣ. ಈ ಆಟ ನಮ್ಮ ಕಡೆಗೆ ಹೊಂದಲ್ಲ ಅಂತ ಕಾಣ್ತದೆ.”

ಎಲ್ಲ ಮಕ್ಕಳೂ ಬಂದರು. ಕೊಲ್ಲಾಪುರಮ್ಮ ಬರಲಿಲ್ಲ.

“ಮೇಷ್ಟ್ರಿಗೆ ತಕ್ಕ ಶಿಷ್ಯೆ, ಕಳೆದುಹೋಗಿರ್ಬೇಕು” ಎಂದು ಯಾರೋ ಅಂದರು. ಈ ಸಲ ಮೇಷ್ಟ್ರಿಗೆ ನಗೆಮಾತು ನಾಲಿಗೆಗೂ ಬರಲಿಲ್ಲ. ಹುಡುಕಲು ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಹುಡುಗಿ ಬದುವಿನ ಮೇಲೆ ಕಾಣಿಸಿದಳು. ಎಂದಿನಂತೆ ನಡೆದುಕೊಂಡೇ ಬಂದಳು. ಕಾರ್ಡಿನ ಮೇಲೆ ಒಂದು ಗೀಚೂ ಇರಲಿಲ್ಲ.

“ಒಂದೂ ಸಿಗ್ಲಿಲ್ವೇನಮ್ಮಾ?” ಎಂದರು ಶಂಕರಲಿಂಗಪ್ಪನವರು.

“ಎಲ್ಲಾ ಸಿಕ್ತು ಸಾ. ಬಾವುಟ ಒಂದೂ ಇರ್ಲಿಲ್ಲ, ಜಾಗ ಎಲ್ಲಾ ಇತ್ತು.” ಮುಷ್ಟಿ ಬಿಚ್ಚಿದಳು. ಅಂಗೈ ತುಂಬ ಗೋಣಿಹುರಿಯ ಗಂಟುಗಳು. “ಗೀಚಕ್ಕೆ ಬಣ್ಣ ಇರ್ಲಿಲ್ವಲ್ಲ, ಹೋಗಿದ್ದೆ ಅಂದ್ರೆ ಯಾರೂ ನಂಬಲ್ಲ ಅಂತ ಇದುನ್ನ ತಂದೆ. ಬಿಚ್ಚಕ್ಕೆ ಬರ್ಲಿಲ್ಲ, ಹಲ್ಲಲ್ಲಿ ಕಡ್ದೆ. ನಮ್ಮ ಸಾರ್ ಗಂಟೇ ಇವು. ಬೇರೆ ಯಾರೂ ಇಂಗೆ ಕಟ್ಟಲ್ಲ. ಬಾವಿ ಕಲ್ಲುಕಂಬದ್ದು ಮಾತ್ರ ಕಡಿಯಕ್ಕೂ ಆಗ್ಲಿಲ್ಲ, ಅಲ್ಲೇ ಐತೆ.”

ಶಂಕರಲಿಂಗಪ್ಪನವರು ನಕ್ಷೆ ತೆಗೆದುಕೊಂಡು ತಾವೇ ಬಾವಿಯ ಕಡೆ ಹೊರಟರು. ಹಿಂದೆ ಎಲ್ಲರೂ ಹೊರಟರು. ನಕ್ಷೆಯಲ್ಲಿ ವೃತ್ತ ಹಾಕಿದ ಜಾಗದಲ್ಲೇ ಬಾವಿ, ಬಾವಿಯ ಕಲ್ಲುಕಂಬ, ಕಂಬದ ಸೊಂಟದಲ್ಲಿ ಕುಯ್ದ ಹುರಿಯ ಬಳೆ. ರಂಗರಾಜು ಗಂಟು ಬಿಚ್ಚಲು ಹೋಗಿ ಉಗುರು ಮುರಿದುಕೊಂಡರು. ಆಮೇಲೆ ಹಫೀಜ್ ಮೇಷ್ಟ್ರನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಸತ್ತವನು ಎದ್ದು ಬಂದದ್ದನ್ನು ನೋಡುವಂತೆ.

“ಸಾಬ್ರೇ… ನೀವು ಸರ್ಯಾಗೇ ಬಂದಿದ್ರಾ?”

ಆ ಮಾತನ್ನು ಸವಿಯಲು ಮೇಷ್ಟ್ರಿಗೆ ಅರೆಗಳಿಗೆಯೂ ಸಿಗಲಿಲ್ಲ. ಅಷ್ಟರಲ್ಲಿ ಬಾವಿಯ ಆಚೆಯಿಂದ ದೊಡ್ಡಹನುಮಯ್ಯ, ದಾಸಮ್ಮ, ಅವರ ಹಿಂದೆ ಅರ್ಧ ಊರು ಬಂತು. ಮುದುಕ ನೇರ ಶಂಕರಲಿಂಗಪ್ಪನವರಿಗೆ ಕೈಮುಗಿದ.

“ದೊಡ್ಡ ಸಾಹೇಬ್ರು ಬಂದ್ರಾ? ನಮ್ಮ ಹೊಲಾನೂ ಬರ್ಕೊಳಿ ಸಾರ್. ಬಾವುಟ ನೆಟ್ಟೀವಿ. ಬೆಳಿಗ್ಗೆಯಿಂದ ಕಾಯ್ತಾ ಇದೀವಿ.”

“ಯಾಕೆ ಬರ್ಕೋಬೇಕು?”

“ಈ ಸಾಬ್ರೇ ಹೇಳಿದ್ರಲ್ಲ ಸಾರ್ ನಿನ್ನೆ. ಸೋಲಾರ್ ಸರ್ವೆ, ಬಾವುಟ ಎಲ್ಲೋ ಅಲ್ಲೇ ಅಂತ.”

ಎಲ್ಲರೂ ಹಫೀಜ್ ಮೇಷ್ಟ್ರ ಕಡೆ ತಿರುಗಿದರು. ಕಾಲು ಸರಿಯಾದ ಜಾಗಕ್ಕೆ ಬಂದಿತ್ತು, ಬಾಯಿ ದಾರಿ ತಪ್ಪಿತ್ತು. ಬಾಯಿಗೂ ಒಂದು ದಿಕ್ಸೂಚಿ ಕಟ್ಟಬೇಕಿತ್ತು ಅನ್ನಿಸಿತು ಮೇಷ್ಟ್ರಿಗೆ.

“ತಾತ, ಅದು ಸರ್ವೆ ಅಲ್ಲ. ತಮಾಷೆಗೆ ಅಂದೆ. ನಾನು ಸ್ಕೂಲಿನ ಪಿ.ಟಿ. ಮೇಷ್ಟ್ರು.”

“ಇಲ್ಲ ಅನ್ನೋದೇ ಸರ್ವೆಯೋರ ಮಾತು” ಎಂದಳು ದಾಸಮ್ಮ. “ಹೋದ ಸಲ ಬಂದೋನೂ ಕೋಳಿ ಯಾಪಾರಿ ಅಂದಿದ್ದ.”

ಎಷ್ಟು ಹೇಳಿದರೂ ಜನ ಅಲುಗಲಿಲ್ಲ. ಕೊನೆಗೆ ಮೇಷ್ಟ್ರು ಸೀಟಿ ಬಾಯಿಗಿಟ್ಟರು. ಮಕ್ಕಳನ್ನು ಸಾಲು ನಿಲ್ಲಿಸಿ, ತಾವೇ ಎದುರಿಗೆ ನಿಂತು, ಏಕ್, ದೋ, ತೀನ್ ಎಂದು ಕೈ ಮೇಲೆತ್ತಿ ಕಾಲು ಅಗಲಿಸಿ ನೆಗೆದರು. ಮೊದಲ ನೆಗೆತಕ್ಕೆ ಹೊಟ್ಟೆ ತಡವಾಗಿ ಹಿಂದೆ ಬಂತು, ಎರಡನೆಯದಕ್ಕೆ ಬರಲೇ ಇಲ್ಲ. ಅಂಗಿಯ ಗುಂಡಿ ಹಾರಿ ಬಾವಿಗೆ ಬಿತ್ತು. ಬಗ್ಗಿ ಕಾಲ್ಬೆರಳು ಮುಟ್ಟಲು ಹೋಗಿ ಮೊಣಕಾಲಿನ ಹತ್ತಿರವೇ ನಿಂತು ಅಲ್ಲಿಂದ ನಮಸ್ಕಾರ ಕಳಿಸಿದರು. ದಾಸಮ್ಮ ಮೊದಲು ಕಿಸಕ್ಕೆಂದಳು. ಆಮೇಲೆ ಊರೇ ಬಿದ್ದು ಬಿದ್ದು ನಕ್ಕಿತು.

“ಬುಡ್ರಪ್ಪಾ, ಇವ್ನು ಸರ್ವೆಯೋನಲ್ಲ” ಎಂದಳು ದಾಸಮ್ಮ ಕಣ್ಣೊರೆಸಿಕೊಳ್ಳುತ್ತ. “ಯಾವ ಆಫೀಸರು ಇಂಗೆ ಮಾನ ಕಳ್ಕೊಂತಾನೆ?”

ನಗದವನು ದೊಡ್ಡಹನುಮಯ್ಯ ಒಬ್ಬನೇ. “ನಗಾಡೋ ಮಾತಾ ಸಾರ್ ಅದು? ಮನೇಲಿ ನಮ್ಮ ಮುದುಕಿಗೆ ಹೇಳ್ಬುಟ್ಟೆ, ನಮ್ದೂ ಸೇರ್ತದೆ ಅಂತ.”

ಮೇಷ್ಟ್ರು ಏದುಸಿರು ಬಿಡುತ್ತ ಅವನ ಹತ್ತಿರ ಹೋದರು. “ಇಲ್ಲ ತಾತ. ನಗಾಡೋ ಮಾತಲ್ಲ. ನನ್ನದು ತಪ್ಪಾಯ್ತು” ಎಂದರು. ಅದಕ್ಕೆ ಬಾಲ ಜೋಡಿಸಲಿಲ್ಲ. ಮುದುಕ ಹಿಂದಕ್ಕೆ ತಿರುಗಿ, “ಲೇ, ಮಕ್ಕಳ ಬಾವುಟ ಮಕ್ಕಳಿಗೆ ಕೊಡ್ರಲಾ” ಎಂದು ಊರಿನವರನ್ನು ಗದರಿದ.

ಮಧ್ಯಾಹ್ನ ಮೇಷ್ಟ್ರು ಬೇರೆ ಗುರುತುಗಳಿಗೆ ಬಾವುಟ ಕಟ್ಟಿದರು. ಊರಿನವರಿಗೆ ಹಾಕಿದ ಷರತ್ತು ಒಂದೇ: ಮಕ್ಕಳಿಗೆ ದಾರಿ ಹೇಳಬಾರದು. ಬಾವುಟ ಬಿಟ್ಟುಕೊಡುವುದಕ್ಕಿಂತ ಅದೇ ಕಷ್ಟವಾಯಿತು ಅವರಿಗೆ. ಹುಡುಗನೊಬ್ಬ ಬಾವುಟದ ಪಕ್ಕದಲ್ಲೇ ಹಾದು ಬೇರೆ ಕಡೆ ಹೋಗುವಾಗ ದಾಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣು ಮುಚ್ಚಿಕೊಂಡು, ಹೆರಿಗೆ ನೋವು ತಿನ್ನುವವಳಂತೆ ಕೂತಿದ್ದಳು. ಯಾರೂ ತುಟಿ ಬಿಚ್ಚಲಿಲ್ಲ. ಮಕ್ಕಳು ಎಲ್ಲ ಬಣ್ಣ ಗೀಚಿಕೊಂಡು ಬಂದರು. ಚೇತನ್ ಕುಮಾರ್ ಮೊದಲು. ನಡೆದುಕೊಂಡೇ ಬಂದರೂ ಕೊಲ್ಲಾಪುರಮ್ಮ ಮೂರನೆಯವಳು.

ಶಂಕರಲಿಂಗಪ್ಪನವರು ಹೊರಡುವಾಗ ಹೇಳಿದರು: “ಮುಂದಿನ ವರ್ಷದ ಕೂಟಕ್ಕೆ ಸೇರಿಸೋಣ. ಬಾವುಟ ಕಟ್ಟೋದು ಹಫೀಜ್ ಮೇಷ್ಟ್ರೇ. ಊರವರ ಹತ್ರ ಮಾತಾಡೋಕೆ ಮಾತ್ರ ಬೇರೆ ಯಾರನ್ನಾದ್ರೂ ಕಳಿಸೋಣ.”

“ಶಿರಾ ತನಕ ಬಂದು ಬಿಡ್ಲಾ ಸಾಬ್ರೇ?” ಎಂದರು ರಂಗರಾಜು, ಮುರಿದ ಉಗುರಿಗೆ ಬಟ್ಟೆ ಸುತ್ತಿಕೊಂಡು.

“ಬೇಡ. ನಿಮಗೆ ವಾಪಸ್ ಬರೋ ದಾರಿ ತಪ್ಪೀತು” ಎಂದರು ಮೇಷ್ಟ್ರು.

ಆಂಧ್ರ ಬಂತು, ಹೋಯಿತು. ಕೂಡುರಸ್ತೆಗಳಲ್ಲಿ ಮೇಷ್ಟ್ರು ಗಾಡಿ ನಿಲ್ಲಿಸಿ, ಇಳಿದು, ಗಾಡಿಯ ಕಬ್ಬಿಣ ಮುಳ್ಳನ್ನು ಎಳೆಯದ ಹಾಗೆ ದೂರ ನಿಂತು ದಿಕ್ಸೂಚಿ ನೋಡಿಕೊಂಡು ಮತ್ತೆ ಹತ್ತಿದರು. ಬೋರ್ಡಿನಲ್ಲಿ ಊರಿನ ಹೆಸರು ಕನ್ನಡದಲ್ಲೇ ಬರೆದಿತ್ತು, ಅದನ್ನು ಓದುವುದು ಹೊಳೆಯಲಿಲ್ಲ, ಆ ಮಾತು ಬೇರೆ. ಸೂರ್ಯ ಇನ್ನೂ ಮುಳುಗಿರಲಿಲ್ಲ, ಮೇಷ್ಟ್ರು ತಮ್ಮ ಮನೆಯ ಬಾಗಿಲಿನಲ್ಲಿದ್ದರು.

ಯಾಸ್ಮಿನ್ ಬಾಗಿಲು ತೆಗೆದು ಬೆಚ್ಚಿದಳು. “ಯಾ ಅಲ್ಲಾ! ಅಲ್ಲಿಗೆ ಹೋಗಿ ಮುಟ್ಟಲೇ ಇಲ್ವಾ?”

“ಹೋಗಿ ಬಂದೆ.”

“ಎಲ್ಲಿ ತಪ್ಪಿದ್ರಿ?”

“ಎಲ್ಲೂ ಇಲ್ಲ.”

ಅವಳು ಗಂಡನ ಮುಖವನ್ನೂ ಗುಂಡಿಯಿಲ್ಲದ ಅಂಗಿಯನ್ನೂ ನೋಡಿದಳು. ನಂಬಲಿಲ್ಲ. ಮೇಷ್ಟ್ರು ಜೇಬಿನಿಂದ ಹಲ್ಲಿನ ಗುರುತಿದ್ದ ಹುರಿಯ ಗಂಟೊಂದನ್ನು ತೆಗೆದು ಅವಳ ಕೈಗಿಟ್ಟು, ಒಳಗೆ ಹೋಗಿ ಊಟಕ್ಕೆ ಕೂತರು.

“ಕೂತು ಏನು ಮಾಡ್ತೀರಿ? ಒಲೆ ಇನ್ನೂ ಹಚ್ಚಿಲ್ಲ” ಎಂದಳು ಯಾಸ್ಮಿನ್. “ನೀವು ದಾರಿ ತಪ್ಪೋ ಹೊತ್ತನ್ನೂ ಸೇರಿಸ್ಕೊಂಡೇ ತಾನೇ ನಾನು ದಿನಾ ಅಡಿಗೆಗೆ ಇಡೋದು? ಇಷ್ಟು ವರ್ಷ ನಿಮಗೆ ಬಿಸಿ ಊಟ ಹೆಂಗೆ ಸಿಕ್ತು ಅಂದ್ಕೊಂಡಿದ್ರಿ?”

ಮೇಷ್ಟ್ರು ಖಾಲಿ ತಟ್ಟೆಯ ಮುಂದೆ ಕೂತು, ಸರಿಯಾದ ದಾರಿಯಲ್ಲಿ ಬಂದವರು ಹಸಿದುಕೊಂಡಿರಬೇಕಾಗುತ್ತದೆ ಎಂಬುದನ್ನು ತರಬೇತಿಯಲ್ಲಿ ಯಾಕೆ ಹೇಳಿಕೊಡಲಿಲ್ಲ ಎಂದು ಯೋಚಿಸತೊಡಗಿದರು.